ಒಳಗಿನ ಹೊಲಿಗೆ

ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನನ್ನ ನಾದಿನಿ ಆ ಒಂದೇ ವಾರದಲ್ಲಿ ಏಳು ಸಲ ಹೇಳಿದಳು. ನಾನು ಎಣಿಸಿದ್ದೆ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ತಪ್ಪು ಹುಡುಕಿಯೇ ಅನ್ನ ತಿಂದವನು. ನಿವೃತ್ತಿಯಾದರೂ ಆ ಚಟ ಬಿಟ್ಟಿರಲಿಲ್ಲ. ಎಂಟನೆಯ ಸಲಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಚೀಲ ಹಿಡಿದುಕೊಂಡು ಹಾರ್ಡ್‌ವೇರ್ ಅಂಗಡಿಯ ದಾರಿ ಹಿಡಿದಿದ್ದೆ.

ವಿಷಯ ಇಷ್ಟೇ. ನನ್ನ ಹೆಂಡತಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬೀದಿಗೆಲ್ಲ ಅವಳು ಟೈಲರಮ್ಮ. ಮೂವತ್ತು ವರ್ಷ ನಮ್ಮ ಮುಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧ ಹೆಂಗಸರ ಮೈಯಳತೆಯನ್ನು ತಲೆಯಲ್ಲಿ ಇಟ್ಟುಕೊಂಡವಳು. ಕತ್ತರಿ ಹಿಡಿಯುತ್ತಿದ್ದ ಕೈ ಈಗ, ಯಾರೋ ಅವಳ ಮಡಿಲಲ್ಲಿ ಇಟ್ಟು ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ದಿನಾ ಬೆಳಿಗ್ಗೆ ಪಕ್ಕದ ಬೀದಿಯಿಂದ ಅವಳ ತಂಗಿ, ಅಂದರೆ ನನ್ನ ನಾದಿನಿ, ಬಂದು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದಳು. ನಾನು ಕಾಲು ಹಿಡಿಯುತ್ತಿದ್ದೆ. ಎತ್ತುವಷ್ಟು ಹೊತ್ತೂ ನನ್ನವಳು ಹಲ್ಲು ಕಚ್ಚಿಕೊಂಡು ಚಾವಣಿ ನೋಡುತ್ತಿದ್ದಳು.

ಒಂದು ದಿನ ತಂಗಿ ಅಡುಗೆಮನೆಗೆ ಹೋದಾಗ ನನ್ನವಳು ಮೆಲ್ಲಗೆ ಹೇಳಿದಳು. “ನನ್ನನ್ನ ಯಾರೂ ಎತ್ತಬಾರದು ರೀ. ಹೀಗೆ ಮೂಟೆ ಥರ ಎತ್ತಿಸ್ಕೊಂಡು ಬದುಕೋದಾದ್ರೆ ನಂಗೆ ಬದುಕೋದೇ ಬೇಡ.”

ಅವಳು ಆಡಿದ ಮಾತಿಗೆ ಅಳತೆ ಇರುತ್ತದೆ. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆಯಿಲ್ಲ.

ವ್ಯಾಯಾಮ ಮಾಡಿಸಲು ಬರುತ್ತಿದ್ದವನನ್ನು ಕೇಳಿದೆ. ಎಡಗೈಯಲ್ಲಿ ಕಸುವು ಚೆನ್ನಾಗಿದೆ ಎಂದ. ಮಂಚದ ಮೇಲೆ ಅಡ್ಡಕ್ಕೊಂದು ಪೈಪು ಇದ್ದು, ಅದಕ್ಕೊಂದು ಹಿಡಿ ಇದ್ದರೆ ಅದನ್ನು ಜಗ್ಗಿ ಅವರೇ ಏಳಬಹುದು, ಎದ್ದು ಕೂತರೆ ಗೋಡೆ ಹಿಡಿದು ಬಚ್ಚಲಿಗೂ ಹೋಗಬಹುದು ಎಂದ. ಆಸ್ಪತ್ರೆಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಅಂಥದ್ದು ಸಿದ್ಧವಾಗಿಯೇ ಸಿಗುತ್ತಿತ್ತು. ಅವಳಿಗೆ ಚಿತ್ರ ತೋರಿಸಿದೆ.

“ಆಸ್ಪತ್ರೆ ಸಾಮಾನು ನನ್ನ ಕೋಣೆಗೆ ಬಂದ್ರೆ ನಾನು ಮನೆ ಬಿಟ್ಟು ಹೋಗ್ತೀನಿ.”

“ಹೇಗೆ ಹೋಗ್ತೀಯ?” ಎಂದುಬಿಟ್ಟೆ.

ಹರಿದ ನಾಲಿಗೆಗೆ ಹೊಲಿಗೆ ಹಾಕುವವರಿಲ್ಲ. ಆ ನಾಚಿಕೆಯಿಂದ ತಪ್ಪಿಸಿಕೊಳ್ಳಲು ನನ್ನ ಬಾಯಿಗೆ ಬಂದ ಮಾತು, “ಬಿಡು, ನಾನೇ ಮಾಡಿಕೊಡ್ತೀನಿ.”

ಅವಳು ನಕ್ಕಳು, ಅರ್ಧ ಬಾಯಲ್ಲಿ. “ಮೊಳೆ ಹೊಡೆಯೋಕೆ ಹೋಗಿ ಬೆರಳಿಗೆ ಹೊಡ್ಕೊಂಡು ಮೂರು ದಿನ ರಜೆ ಹಾಕಿದವರು ನೀವು.”

ನಿಜ. ಆದರೆ ಅವಳು ನಕ್ಕು ತಿಂಗಳುಗಳಾಗಿದ್ದವು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯವನು ಮಾತು ಕಡಿಮೆಯ ಮನುಷ್ಯ. ನಾನು ಚೀಟಿ ಓದುತ್ತಾ ಹೋದೆ, ಅವನು ಒಂದೊಂದೇ ತಂದು ಮೇಜಿನ ಮೇಲೆ ಇಡುತ್ತಾ ಹೋದ. ಕಬ್ಬಿಣ ಕೊಯ್ಯುವ ಗರಗಸ, ಚಪ್ಪಟೆ ಅರ ಒಂದು, ದುಂಡಗಿನ ಅರ ಒಂದು, ತಂತಿ ಬ್ರಷ್ಷು, ಎರಡು ಕ್ಲ್ಯಾಂಪು, ಕಚ್ಚಿ ಹಿಡಿಯುವ ವೈಸು, ಕಬ್ಬಿಣ ಉಜ್ಜಿ ನುಣುಪು ಮಾಡುವ ಸಣ್ಣದೊಂದು ಗ್ರೈಂಡರ್, ಚರ್ಮದ ಕೈಗವಸು, ಮುಖಕ್ಕೆ ಹಾಕುವ ಕಪ್ಪು ಗಾಜಿನ ಮುಸುಕು. ವೆಲ್ಡಿಂಗ್ ಯಂತ್ರ ಎಂದರೆ ಆನೆಯ ಮರಿಯಷ್ಟಿರುತ್ತದೆ ಎಂದುಕೊಂಡಿದ್ದೆ, ಶಾಲೆಯ ಚೀಲದಷ್ಟಿತ್ತು.

ಸುತ್ತಿಗೆಯ ಸರದಿ ಬಂದಾಗ ಎರಡು ಇಟ್ಟ. ಒಂದು ಕಪ್ಪಗೆ, ಮರದ ಹಿಡಿಯದು. ಇನ್ನೊಂದು ಕನ್ನಡಿಯ ಹಾಗೆ ಹೊಳೆಯುವಂಥದ್ದು. ನನ್ನ ಕೈ ಹೊಳೆಯುವುದರ ಕಡೆಗೆ ಹೋಯಿತು.

“ಅದು ಶೋಕೇಸಿಗೆ” ಎಂದ ಅಂಗಡಿಯವನು. “ಕೆಲಸಕ್ಕೆ ಇದು.”

“ನನಗೆ ಅದೇ ಇರಲಿ” ಎಂದೆ. ಅವನು ಮುಖ ನೋಡಿ, ಕಟ್ಟಿಕೊಟ್ಟ.

ಕಾರು ಕೊಟ್ಟುಬಿಟ್ಟ ಮೇಲೆ ನಮ್ಮ ಗ್ಯಾರೇಜು ಖಾಲಿ ಬಿದ್ದಿತ್ತು. ಅಲ್ಲಿ ನನ್ನವಳು ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಮೇಜು ಇತ್ತು. ಅಂಚಿಗೆ ಇಂಚುಪಟ್ಟಿ ಬಡಿದಿತ್ತು, ಮೈತುಂಬ ಸೀಮೆಸುಣ್ಣದ ಗೀಟುಗಳು. ಅದರ ಮೇಲೆ ಕಬ್ಬಿಣದ ತಗಡು ಹಾಸಿ, ವೈಸು ಕೂರಿಸಿ, ಸಾಮಾನೆಲ್ಲ ಸಾಲಾಗಿ ಜೋಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಎರಡು ಕಬ್ಬಿಣದ ಪಟ್ಟಿ ಅಕ್ಕಪಕ್ಕ ಇಟ್ಟು, ಮುಸುಕು ಇಳಿಸಿ, ಕರಗಿ ಬೆಸೆಯುವ ರಾಡು ಮುಟ್ಟಿಸಿದೆ. ಅದು ಅಲ್ಲೇ ಅಂಟಿಕೊಂಡಿತು. ಎಳೆದೆ, ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ರಾಡನ್ನು ಬೈದೆ, ಯಂತ್ರವನ್ನು ಬೈದೆ, ಕೊನೆಗೆ ಅಂಗಡಿಯವನನ್ನೂ ಬಿಡಲಿಲ್ಲ. ಒಳಗಿನಿಂದ ಕೂಗು ಬಂತು.

“ರೀ, ನನ್ನ ಮೇಜು ಸುಡ್ತಿದೀರಾ?”

ಹೌದು, ತಗಡಿನ ಕೆಳಗೆ ಮೇಜು ಹೊಗೆಯಾಡುತ್ತಿತ್ತು.

ಬೈಗುಳ ಕೇಳಿಸಿಕೊಂಡು ಎದುರುಮನೆಯ ಕಿಡಿಯಣ್ಣ ಕೋಲೂರಿಕೊಂಡು ಬಂದ. ನನಗಿಂತ ಹತ್ತು ವರ್ಷ ದೊಡ್ಡವನು. ಗೇಟು, ನೀರಿನ ಟ್ಯಾಂಕು, ಸೇತುವೆ ಎಂದು ಐವತ್ತು ವರ್ಷ ಬೆಸುಗೆ ಹಾಕಿ ಕಣ್ಣು ಕಳೆದುಕೊಂಡಿದ್ದ. ಈಗ ಅವನಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಬಕೆಟ್ಟು ಮಗುಚಿ ಹಾಕಿಕೊಂಡು ನನಗೆ ಬೆನ್ನು ಮಾಡಿ ಕೂತ.

“ಅಣ್ಣಾ, ಆ ಕಡೆ ತಿರುಗಿ ಕೂತ್ರೆ ಹೇಗೆ ಹೇಳಿಕೊಡ್ತೀಯ?”

“ಕಿವಿಗೇನಾಗಿದೆ? ನೀನು ಶುರು ಮಾಡು.”

ಅವನು ಸದ್ದಿನಿಂದಲೇ ಕಲಿಸಿದ. ಸದ್ದು ಪಟ್ ಪಟ್ ಎಂದು ಒಡೆದರೆ ರಾಡು ದೂರವಾಯಿತು ಅಂತ ಅರ್ಥ. ಗೊಣಗಿದರೆ ಹತ್ತಿರವಾಯಿತು. ಕಾದ ಎಣ್ಣೆಗೆ ಹಿಟ್ಟು ಬಿಟ್ಟ ಹಾಗೆ ಒಂದೇ ಸಮ ಚುರುಗುಟ್ಟಿದರೆ ಸರಿ. ಆಮೇಲೆ ಮೇಲೆ ಕಟ್ಟಿದ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಬೇಕು, ತಂತಿ ಬ್ರಷ್ಷಿನಿಂದ ಉಜ್ಜಬೇಕು. ಆಗ ಕೆಳಗಿನ ಬೆಸುಗೆ ಕಾಣುತ್ತದೆ. ಒಂದು ವಾರ ಕೈಮೇಲೆಲ್ಲ ಸುಟ್ಟ ಚುಕ್ಕೆ ಮಾಡಿಕೊಂಡೆ. ಎಂಟನೆಯ ದಿನ ಒಂದು ಬೆಸುಗೆ ಸಾಲಾಗಿ, ಒತ್ತೊತ್ತಾಗಿ ಬಂತು. ಬಿಸಿ ಆರುತ್ತಲೂ ಅದನ್ನು ಹಿಡಿದುಕೊಂಡು ಒಳಗೆ ಓಡಿದೆ, ಅಂಕ ತೋರಿಸಲು ಬರುವ ಮಕ್ಕಳ ಹಾಗೆ.

ನನ್ನವಳಿಗೆ ಒಂದು ಪದ್ಧತಿ ಇತ್ತು. ಹೊಲಿದ ಬಟ್ಟೆಯನ್ನು ಗಿರಾಕಿಗೆ ಕೊಡುವಾಗ ಒಳಮೈ ಹೊರಗೆ ಮಾಡಿ ಹರಡಿ ತೋರಿಸುತ್ತಿದ್ದಳು. ಮೊದಲು ಒಳಗೆ ನೋಡಿ, ಆಮೇಲೆ ಹೊರಗೆ. “ಹೊರಗಿನ ಹೊಲಿಗೆ ಊರಿಗೆ, ಒಳಗಿನ ಹೊಲಿಗೆ ಮೈಗೆ” ಎನ್ನುತ್ತಿದ್ದಳು. ಕಬ್ಬಿಣವನ್ನೂ ಎಡಗೈಯಲ್ಲಿ ಹಿಡಿದು ಹಾಗೇ ಮಗುಚಿದಳು.

“ಹಿಂದೆ ಹೊಲಿಗೆಯೇ ಬಂದಿಲ್ಲವಲ್ರೀ.”

ನನಗೆ ರೇಗಿತು. “ಇದು ಕಬ್ಬಿಣ ಕಣೇ, ರವಿಕೆ ಅಲ್ಲ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡ” ಎಂದು ಕಿತ್ತುಕೊಂಡು ಬಂದೆ. ಕಿಡಿಯಣ್ಣ ನಕ್ಕಾನು ಎಂದುಕೊಂಡು ಅವನಿಗೂ ಹೇಳಿದೆ. ಅವನು ನಗಲಿಲ್ಲ. ಪಟ್ಟಿಯ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿ, ವೈಸಿಗೆ ಕಚ್ಚಿಸು ಎಂದ. ಸುತ್ತಿಗೆ ಕೊಡು ಎಂದ. ಒಂದೇ ಏಟು. ಪಟ್ಟಿ ಜೋಡಣೆಯಲ್ಲೇ ಬಿಸ್ಕತ್ತಿನ ಹಾಗೆ ಮುರಿಯಿತು.

“ಇದು ಬೆಸುಗೆ ಅಲ್ಲ ತಮ್ಮ, ಅಂಟು. ಕಬ್ಬಿಣ ಕರಗಿ ಹಿಂದೆ ತನಕ ಇಳೀಬೇಕು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಆದ್ರೆ ಏನು ಬಂತು? ನಿನ್ನ ಹೆಂಡತಿಗೆ ನಿನಗಿಂತ ಚೆನ್ನಾಗಿ ಬೆಸುಗೆ ಗೊತ್ತು, ಹೋಗು.”

ಈ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಕರೆಂಟು ಏರಿಸುವುದು, ನಿಂತು ನಿಂತು ಸಾಗುವುದು ಕಲಿತೆ. ಪಟ್ಟಿಗಳ ಹಿಂಬದಿಯಲ್ಲೂ ಬೆಸುಗೆ ಮೂಡತೊಡಗಿತು. ಅವಳು ಮಗುಚಿ ನೋಡಿ “ಹೂಂ” ಎನ್ನುತ್ತಿದ್ದಳು. ಹೂಂ ಎಂದರೆ ಪಾಸು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಯಾವ ಕೆಲಸಕ್ಕೂ ಅದಕ್ಕಿಂತ ಹೆಚ್ಚು ಸಿಕ್ಕಿದ್ದಿಲ್ಲ.

ಆಮೇಲೆ ಪೈಪಿನ ಕೆಲಸ. ಮಂಚದ ತಲೆಕಡೆಗೆ ಬೋಲ್ಟು ಹಾಕಿ ನಿಲ್ಲಿಸುವ ಕಂಬ, ಅದರ ನೆತ್ತಿಯಿಂದ ಹಾಸಿಗೆಯ ಮೇಲೆ ಚಾಚುವ ತೋಳು, ತೋಳಿನಿಂದ ಇಳಿಬಿದ್ದ ಹಿಡಿ. ಎಲ್ಲ ಭಾರ ಬೀಳುವುದು ಕಂಬ ಮತ್ತು ತೋಳು ಕೂಡುವ ಒಂದು ಜಾಗದ ಮೇಲೆ. ಪೈಪಿನ ಬಾಯಿಯನ್ನು ಅರ ಹಾಕಿ ಹಾಕಿ ಕಂಬದ ದುಂಡಿಗೆ ಸರಿಯಾಗಿ ಕೂರುವ ಹಾಗೆ ತೀಡಿದೆ. ಕೂದಲು ತೂರದಷ್ಟು ಬಿಗಿಯಾಗಿ ಕೂತಿತು. ಆದರೆ ಪೈಪು ತೆಳು. ಕರೆಂಟು ಏರಿಸಿದರೆ ತೂತು ಬೀಳುತ್ತಿತ್ತು. ಮೂರು ಪೈಪು ಹಾಳಾದವು. ಬಾಗಿಲಲ್ಲಿ ನಿಂತು ನಾದಿನಿ ಕೇಳಿದಳು, “ಭಾವ, ಪೈಪು ಮಾಡ್ತಿದೀರೋ ಜರಡಿ ಮಾಡ್ತಿದೀರೋ?”

ನಾಲ್ಕನೆಯದಕ್ಕೆ ಕರೆಂಟು ಇಳಿಸಿದೆ. ತೂತು ಬೀಳಲಿಲ್ಲ. ಬೆಸುಗೆ ಮೇಲೆ ಮೇಲೆಯೇ ಉಂಡೆಯುಂಡೆಯಾಗಿ ಕೂತಿತು. ಒಳಗೆ ಇಳಿದಿದೆಯೋ ಇಲ್ಲವೋ ಪೈಪನ್ನು ಮಗುಚಿ ನೋಡುವ ಹಾಗಿರಲಿಲ್ಲ.

ಕಿಡಿಯಣ್ಣ ಸದ್ದು ಕೇಳಿಸಿಕೊಂಡು ಅನುಮಾನದಿಂದ ತಲೆ ಆಡಿಸಿದ್ದ. “ಬಣ್ಣ ಬಳಿಯೋಕೆ ಮುಂಚೆ ನನ್ನ ಕರಿ. ಎರಡು ಏಟು ಹಾಕಿ ನೋಡ್ತೀನಿ. ಸುತ್ತಿಗೆ ಯಾರ ಮುಲಾಜೂ ಇಟ್ಕೊಳಲ್ಲ.”

ಮರುದಿನ ಬೆಳಿಗ್ಗೆ ಆ ಉಂಡೆಗಳನ್ನು ನೋಡಿ ನನಗೇ ಅಸಹ್ಯವಾಯಿತು. ಅವಳು ಕೈಯಾಡಿಸುವುದು ಈ ಜಾಗದ ಮೇಲೆ. ಗ್ರೈಂಡರ್ ಹಿಡಿದು ನುಣ್ಣಗೆ ಉಜ್ಜಿದೆ. ಉಜ್ಜುತ್ತಾ ಹೋದ ಹಾಗೆ ಜೋಡಣೆಯ ಉದ್ದಕ್ಕೂ ಒಂದು ಕಪ್ಪು ಗೆರೆ ಕಂಡಿತು, ಕೂದಲೆಳೆಯಷ್ಟು. ಕೊಳೆ ಇರಬೇಕು ಎಂದುಕೊಂಡೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಇನ್ನೂ ಸ್ವಲ್ಪ ಉಜ್ಜಿದೆ, ಮಸುಕಾಯಿತು. ಪುಟದ ಮೂಲೆಯಲ್ಲಿ ಬಿಟ್ಟುಹೋದ ಒಂದು ಚುಕ್ಕೆಗೆ ಇಡೀ ಹಾಳೆ ವಾಪಸು ಕಳಿಸುತ್ತಿದ್ದ ನಾನು ಆ ಗೆರೆಯನ್ನು ಬಿಟ್ಟೆ. ಕಾಣದೆ ಬಿಟ್ಟಿದ್ದಲ್ಲ. ಕಂಡೇ ಬಿಟ್ಟೆ.

ಕಿಡಿಯಣ್ಣನಿಗಿಂತ ಮೊದಲು ಅವಳ ಬಳಿ ಒಯ್ದೆ. ಎಡಗೈಯ ಬೆರಳುಗಳನ್ನು ಜೋಡಣೆಯ ಸುತ್ತ ನಿಧಾನವಾಗಿ ಆಡಿಸಿದಳು. ಎರಡನೆಯ ಸಲ ಆಡಿಸಿದಳು.

“ಒಳಗೆ?” ಎಂದಳು.

“ಪೈಪಿನ ಒಳಗೆ ಹೇಗೆ ನೋಡ್ತೀಯ ಮಾರಾಯ್ತಿ, ಕಣ್ಣು ತೂರಿಸ್ತೀಯ?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು, “ಎಲ್ಲಿ ಕೂಡಿಸಿದೀರ ಅಂತಲೇ ಗೊತ್ತಾಗಲ್ಲ ರೀ. ನಾನೂ ಇಷ್ಟು ಚೆನ್ನಾಗಿ ಹೊಲೀತಿರಲಿಲ್ಲ.”

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿತು. ನೆಟ್ಟಗೆ ಗ್ಯಾರೇಜಿಗೆ ಹೋಗಿ ಅವಳು ಹೇಳಿದ ತಿಳಿನೀಲಿ ಬಣ್ಣ ಬಳಿದೆ. ಕಿಡಿಯಣ್ಣನನ್ನು ಕರೆಯಲಿಲ್ಲ. ಬಣ್ಣಕ್ಕೆ ಪೆಟ್ಟಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅಸಲಿಗೆ ಅವನ ಸುತ್ತಿಗೆಗೆ ಹೆದರಿದ್ದೆ. ಅವಳು ಆಡಿದ ಆ ಒಂದು ಮಾತನ್ನು ಅವನ ಏಟಿನ ಕೆಳಗೆ ಇಡಲು ನನಗೆ ಮನಸ್ಸಾಗಲಿಲ್ಲ.

ಹನ್ನೊಂದು ದಿನ ಅದು ನಿಂತಿತು.

ಮೊದಲನೆಯ ಬೆಳಿಗ್ಗೆ ನಾನು ನಿದ್ದೆ ಬಂದವನ ಹಾಗೆ ಮಲಗಿದ್ದೆ, ನೋಡಿದರೆ ಅವಳಿಗೆ ಮುಜುಗರ ಎಂದು. ಹಿಡಿ ಕಿರ್ ಎಂದಿತು. ಉಸಿರು ಬಿಗಿಹಿಡಿದ ಸದ್ದು. ಆಮೇಲೆ ಗೋಡೆ ಸವರುತ್ತಾ ಕಾಲೆಳೆಯುವ ಸದ್ದು. ಕೊನೆಗೆ ಬಚ್ಚಲಿನ ಚಿಲಕ ಬಿದ್ದ ಸದ್ದು. ನಾಲ್ಕು ತಿಂಗಳಿಂದ ಅವಳ ಹಿಂದೆ ಯಾರಾದರೂ ನಿಂತೇ ಇರುತ್ತಿದ್ದರು. ಆ ಚಿಲಕವನ್ನು ಅವಳು ಒಮ್ಮೆಯೂ ಹಾಕಿರಲಿಲ್ಲ. ನಾನು ಹೊದಿಕೆ ಕಚ್ಚಿಕೊಂಡು ಅತ್ತೆ. ನಾದಿನಿ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಎಡಗೈಯಲ್ಲಿ ಚಕ್ರ ತಿರುಗಿಸಿ ನೋಡುತ್ತಿದ್ದಳು. ನಾದಿನಿ ನನ್ನ ಕಡೆ ತಿರುಗಿ, “ಭಾವ, ಗಾದೆ ವಾಪಸು ತಗೊಂಡೆ” ಎಂದಳು. ಮಾರನೆಯ ದಿನದಿಂದ ಬೆಳಿಗ್ಗೆ ಬರುವುದನ್ನು ಬಿಟ್ಟಳು. ಅಗತ್ಯವಿರಲಿಲ್ಲ.

ಹನ್ನೆರಡನೆಯ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ಟಕ್ ಎಂದಿತು, ಒಣಕಡ್ಡಿ ಮುರಿದ ಹಾಗೆ. ಹಿಂದೆಯೇ ಇನ್ನೊಂದು ಸದ್ದು. ಅದನ್ನು ಇಲ್ಲಿ ಬರೆಯಲಾರೆ.

ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಕಾಲು ಒಂದು ತಿರುಗಬಾರದ ಕಡೆಗೆ ತಿರುಗಿತ್ತು. ಎಡಗೈಯಲ್ಲಿ ಹಿಡಿ ಇನ್ನೂ ಇತ್ತು, ಹಿಡಿಯ ಜೊತೆಗೆ ತೋಳಿನ ಪೈಪು ಪೂರ್ತಿ. ಕೂಗಲೂ ಇಲ್ಲ ಅವಳು. ನಾನು ನಾದಿನಿಗೆ ಫೋನು ಮಾಡಿದೆ. ಅವಳು ಓಡಿ ಬರುವ ಹೆಜ್ಜೆ ಅಂಗಳದಲ್ಲಿ ಕೇಳಿಸಿದಾಗ ನಾನು ಮಾಡಿದ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ: ಆ ಪೈಪನ್ನು ಅವಳ ಕೈಯಿಂದ ಬಿಡಿಸಿ ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ. ನೋವಿನಲ್ಲೂ ಅವಳ ಕಣ್ಣು ನನ್ನ ಕಾಲನ್ನು ನೋಡಿತು.

“ಏನಾಯ್ತು ಅಕ್ಕ? ಹೇಗೆ ಬಿದ್ದೆ?”

“ಕೈ ಜಾರ್ತು ಕಣೇ” ಎಂದಳು ನನ್ನವಳು.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯನ್ನು ಅವಳ ಹೃದಯ ತಡೆಯುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಮಲಗಿದಲ್ಲೇ ಇರಲಿ, ನೋಡಿಕೊಳ್ಳಿ ಎಂದು ಮನೆಗೆ ಕಳಿಸಿದರು. ಇನ್ನು ಎದ್ದು ಕೂರುವುದು ಎಂದರೆ ಯಾರಾದರೂ ಎತ್ತಿದರೆ ಮಾತ್ರ. ಬೆಳಿಗ್ಗೆ ಒಂದು ಸಲ ಅಲ್ಲ. ಒರೆಸಲು, ಬಟ್ಟೆ ಬದಲಿಸಲು, ಹುಣ್ಣಾಗದ ಹಾಗೆ ಹೊರಳಿಸಲು, ದಿನಕ್ಕೆ ಹತ್ತು ಸಲ. ಅವಳು ಯಾವುದು ಬೇಡವೆಂದಿದ್ದಳೋ ಅದನ್ನು ನಾನೇ ನನ್ನ ಕೈಯಾರೆ ಅವಳಿಗೆ ಮಾಡಿಕೊಟ್ಟಿದ್ದೆ.

ಮನೆಗೆ ಬಂದ ಮೂರನೆಯ ಮಧ್ಯಾಹ್ನ, ನಾದಿನಿ ಇಲ್ಲದಾಗ, ಹೇಳಿದಳು. “ಮಂಚದ ಕೆಳಗಿದೆಯಲ್ಲ, ತೆಗೀರಿ ಅದನ್ನ.”

ತೆಗೆದುಕೊಟ್ಟೆ. ಮುರಿದ ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಾನೂ ನೋಡಿದೆ. ಪೈಪಿನ ಅಂಚು ಕರಗಿಯೇ ಇರಲಿಲ್ಲ. ನಾನು ಅರ ಹಾಕಿದ್ದ ಗೀರುಗಳು, ಒಂದೊಂದೂ, ಹೊಸದರ ಹಾಗೆ ಹೊಳೆಯುತ್ತಿದ್ದವು. ಹೊರಗಿನ ತೆಳುವಾದ ಸಿಪ್ಪೆಯೊಂದೇ ಹನ್ನೊಂದು ದಿನ ಅವಳನ್ನು ಎತ್ತಿತ್ತು. ಅದನ್ನೂ ನಾನು ಉಜ್ಜಿ ಉಜ್ಜಿ ತೆಳುಮಾಡಿದ್ದೆ.

“ನನಗೆ ಗೆರೆ ಕಾಣಿಸಿತ್ತು ಕಣೇ” ಎಂದೆ. “ಉಜ್ಜುವಾಗ. ಕಂಡೂ ಬಣ್ಣ ಬಳಿದೆ.”

ಬೈಯಲಿ ಎಂದು ಕಾದೆ. ಅವಳ ಬೈಗುಳಕ್ಕೆ ಅಷ್ಟು ಹಸಿದಿದ್ದೆ.

“ಒಳಗೆ ಅಂತ ಕೇಳಿದ್ದೆ ನಾನು” ಎಂದಳು. “ನಿಮ್ಮ ಮುಖ ನೋಡಿ ಸುಮ್ಮನಾದೆ. ಜನ್ಮದಲ್ಲಿ ಒಂದೇ ಸಲ ಒಳಗೆ ನೋಡದೆ ಹೊಗಳಿದ್ದು.” ಪೈಪನ್ನು ನನ್ನ ಕೈಗೆ ಕೊಟ್ಟಳು. “ನೀರು ಕೊಡಿ.”

ಅದನ್ನು ಹಿಡಿದುಕೊಂಡು ಕಿಡಿಯಣ್ಣನ ಮನೆಗೆ ಹೋದೆ. ಅವನು ಪೈಪಿನ ಮುರಿದ ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದ. ಎರಡು ಏಟು ಹಾಕಿ ನೋಡ್ತೀನಿ ಅಂದಿದ್ದನ್ನು ನೆನಪಿಸಲೂ ಇಲ್ಲ. ಕೋಲು ತೆಗೆದುಕೊಂಡು ನನ್ನ ಹಿಂದೆ ಗ್ಯಾರೇಜಿಗೆ ಬಂದು, ಬಕೆಟ್ಟು ಮಗುಚಿಕೊಂಡು ಕೂತ.

“ದಪ್ಪ ಪೈಪು ತಗೋ” ಎಂದ. “ಬಾಯಿಯನ್ನ ಓರೆಯಾಗಿ ಅರ ಹಾಕು. ಬೆಸುಗೆ ಇಳಿಯೋಕೆ ದಾರಿ ಬೇಕು. ನೀನು ಕೂದಲು ತೂರದ ಹಾಗೆ ಕೂರಿಸಿದ್ದೆ ನೋಡು, ಅದೇ ತಪ್ಪು.”

ಯಾಕೆ ಮಾಡಿದೆನೋ ನನಗೆ ಗೊತ್ತಿಲ್ಲ. ಅವಳು ಇನ್ನು ಅದನ್ನು ಜಗ್ಗುವ ಹಾಗಿರಲಿಲ್ಲ. ಆದರೂ ಮಾಡಿದೆ. ಸದ್ದು ಒಂದೇ ಸಮ ಚುರುಗುಟ್ಟಿತು. ಕಿಡಿಯಣ್ಣ ಎದ್ದು ನಿಂತು, ಕೈಯಿಂದ ಜಾಗ ತಡಕಿ, ಆ ಹೊಳೆಯುವ ಸುತ್ತಿಗೆಯಿಂದ ಒಂಬತ್ತು ಏಟು ಹಾಕಿದ. ಕಂಬ ಗಂಟೆಯ ಹಾಗೆ ನುಡಿಯಿತು. ಸುತ್ತಿಗೆಯ ಮುಖವೇ ಕಿತ್ತುಹೋಯಿತು. ಬೆಸುಗೆಗೆ ಏನೂ ಆಗಲಿಲ್ಲ.

ಈ ಸಲ ಗ್ರೈಂಡರ್ ಮುಟ್ಟಲಿಲ್ಲ. ಬಣ್ಣವನ್ನೂ ಬಳಿಯಲಿಲ್ಲ. ಒರಟಾಗಿ, ಕಪ್ಪಗೆ ಇದ್ದ ಹಾಗೆಯೇ ಮಂಚಕ್ಕೆ ಕೂರಿಸಿದೆ.

ಬಹಳ ದಿನ ನನ್ನವಳು ಅದರ ಕಡೆ ನೋಡಲಿಲ್ಲ. ನಾನು ಎತ್ತುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಎತ್ತಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಒದ್ದೆಯಲ್ಲೇ ಮಲಗಿರುತ್ತಿದ್ದಳು, ನಾನೇ ತಿಳಿದುಕೊಳ್ಳಬೇಕಿತ್ತು. ನಿನ್ನೆ ಬೆಳಿಗ್ಗೆ ಚಾದರ ಬದಲಿಸಲು ಮಂಚದ ಪಕ್ಕ ಬಂದು ನಿಂತೆ. ಅವಳು ಎಡಗೈ ಎತ್ತಿದಳು. ಹಿಡಿ ಹಿಡಿಯುತ್ತಾಳೆ ಎಂದುಕೊಂಡೆ. ಕೈ ಹಿಡಿಯನ್ನು ದಾಟಿ ತಲೆಯ ಹಿಂದಿನ ಕಂಬದ ಕಡೆಗೆ ಹೋಯಿತು, ನಿಲುಕಲಿಲ್ಲ. ನಾನು ಬೋಲ್ಟು ಸಡಿಲಿಸಿ ಕಂಬವನ್ನು ಕೆಳಗೆ ಇಳಿಸಿ ಹಿಡಿದೆ. ಬೆಸುಗೆಯ ಉಬ್ಬುತಗ್ಗುಗಳ ಮೇಲೆ ಒಂದೊಂದೇ ಬೆರಳು ಇಟ್ಟು, ಸುತ್ತಲೂ ಸವರಿದಳು.

“ಈಗ ಬಂದಿದೆ ಹೊಲಿಗೆ” ಎಂದಳು.

ಕೈಯನ್ನು ಕೆಳಗೆ ತಂದು ನನ್ನ ಭುಜದ ಮೇಲೆ ಇಟ್ಟಳು. ಕಣ್ಣು ಮುಚ್ಚಿಕೊಂಡಳು.

“ಎತ್ತಿ” ಎಂದಳು.